ಭದ್ರತಾ ತಂತ್ರಾಂಶಗಳ ತಿಕ್ಕಾಟದಿಂದ ಕಂಪ್ಯೂಟರ್ ಕ್ರ್ಯಾಶ್ ಆಗುತ್ತಿದ್ದರೆ ಕಾರಣ ಹುಡುಕುವುದು ಹೇಗೆ, ಸರಿಪಡಿಸುವುದು ಹೇಗೆ

ವಿಂಡೋಸ್ ಕಂಪ್ಯೂಟರ್ ಕೆಲಸದ ನಡುವೆ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ (ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಅದು ಕಪ್ಪು ಪರದೆ) ತಾನಾಗಿ ರೀಸ್ಟಾರ್ಟ್ ಆಗತೊಡಗಿದರೆ ಹೆಚ್ಚಿನವರು ಮೊದಲು ವೈರಸ್ಸನ್ನು, ಆಮೇಲೆ ಹಾರ್ಡ್‌ವೇರನ್ನು ಅನುಮಾನಿಸುತ್ತಾರೆ. ವೈರಸ್ ತಡೆಯಲೆಂದೇ ಹಾಕಿಕೊಂಡ ತಂತ್ರಾಂಶ ಇದಕ್ಕೆ ಕಾರಣವಾಗಿರಬಹುದೆಂಬುದು ಹೊಳೆಯುವುದು ಕೊನೆಗೆ. ಲ್ಯಾಪ್‌ಟಾಪ್ ಜೊತೆಗೇ ಒಂದು ಟ್ರಯಲ್ ಆಂಟಿವೈರಸ್ ಬಂದಿರುತ್ತದೆ, ಅಂಗಡಿಯವರು ಇನ್ನೊಂದನ್ನು ಹಾಕಿಕೊಟ್ಟಿರುತ್ತಾರೆ, ಕಚೇರಿಯ ಕೆಲಸಕ್ಕೆಂದು ವಿಪಿಎನ್ ಒಂದು ಸೇರಿರುತ್ತದೆ. ಇವುಗಳಲ್ಲಿ ಯಾವುದು ತಪ್ಪಿತಸ್ಥ ಎಂದು ಊಹಿಸಿ ಒಂದೊಂದನ್ನೇ ಕಿತ್ತುಹಾಕುವುದಕ್ಕಿಂತ, ವಿಂಡೋಸ್ ತಾನೇ ದಾಖಲಿಸಿಟ್ಟ ಸಾಕ್ಷ್ಯವನ್ನು ಮೊದಲು ಓದುವುದು ಒಳ್ಳೆಯದು.

ತಿಕ್ಕಾಟ ಎಲ್ಲಿ ನಡೆಯುತ್ತದೆ ಎಂಬುದನ್ನು ತಿಳಿದರೆ ಮುಂದಿನ ಹೆಜ್ಜೆಗಳು ಅರ್ಥವಾಗುತ್ತವೆ. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಆಂಟಿವೈರಸ್ ಹಾಗಲ್ಲ, ಅದರ ಡ್ರೈವರ್ (ವಿಂಡೋಸ್‌ನ ಒಳಭಾಗವಾಗಿ ಓಡುವ ಪ್ರೋಗ್ರಾಂ) ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೆ ಕುಳಿತು, ನೀವು ತೆರೆಯುವ ಪ್ರತಿಯೊಂದು ಫೈಲನ್ನೂ ನಡುವೆ ತಡೆದು ಪರೀಕ್ಷಿಸುತ್ತದೆ. ಅಲ್ಲಿ ಒಂದು ತಪ್ಪಾದರೆ ಇಡೀ ವ್ಯವಸ್ಥೆ ನಿಲ್ಲುತ್ತದೆ. ಇಂಥ ಡ್ರೈವರ್‌ಗಳು ಎರಡಿದ್ದಾಗ, ಒಂದು ಪರೀಕ್ಷೆಗಾಗಿ ಫೈಲ್ ತೆರೆದದ್ದನ್ನೇ ಇನ್ನೊಂದು ಹೊಸ ಚಟುವಟಿಕೆಯೆಂದು ತಿಳಿದು ಪರೀಕ್ಷೆಗೆ ತೊಡಗುವ ಸಾಧ್ಯತೆ ಇರುತ್ತದೆ. ಮುಗಿಯದ ಕರೆಗಳ ವಿವರ ಇಟ್ಟುಕೊಳ್ಳುವ ಮೆಮೊರಿ ಜಾಗ, ಅಂದರೆ ಕರ್ನಲ್ ಸ್ಟ್ಯಾಕ್, ಬಹಳ ಚಿಕ್ಕದು: 64 ಬಿಟ್ ವಿಂಡೋಸ್‌ನಲ್ಲಿ 24 ಕಿಲೋಬೈಟ್, 32 ಬಿಟ್‌ನಲ್ಲಿ 12 ಕಿಲೋಬೈಟ್ ಮಾತ್ರ. ಒಂದರ ಕರೆಯ ಮೇಲೆ ಇನ್ನೊಂದರ ಕರೆ ಪೇರುತ್ತ ಹೋಗಿ ಈ ಜಾಗ ತುಂಬಿದರೆ ಅನ್‌ಎಕ್ಸ್‌ಪೆಕ್ಟೆಡ್ ಕರ್ನಲ್ ಮೋಡ್ ಟ್ರ್ಯಾಪ್ ಎಂಬ ದೋಷ ಬರುತ್ತದೆ.

ಎರಡು ಆಂಟಿವೈರಸ್ ಇದ್ದರೆ ಮಾತ್ರ ಹೀಗಾಗುತ್ತದೆ ಎಂದೇನಿಲ್ಲ. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳಲ್ಲಿ ಕಂಡುಬಂದ ಮೆಲ್ಟ್‌ಡೌನ್ ಎಂಬ ಭದ್ರತಾ ದೋಷಕ್ಕೆ ಮೈಕ್ರೋಸಾಫ್ಟ್ ತಂದ ಅಪ್‌ಡೇಟ್, ಕರ್ನಲ್ ಮೆಮೊರಿಯನ್ನು ಸಮ್ಮತವಲ್ಲದ ರೀತಿಯಲ್ಲಿ ಬಳಸುತ್ತಿದ್ದ ಕೆಲವು ಆಂಟಿವೈರಸ್‌ಗಳ ಜೊತೆ ಹೊಂದದೆ ನೀಲಿ ಪರದೆ ಬರಿಸುತ್ತಿತ್ತು. ಹಾಗಾಗಿ, ಆಂಟಿವೈರಸ್ ತನ್ನ ಹೊಂದಾಣಿಕೆಯನ್ನು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಗುರುತು ಮಾಡುವವರೆಗೆ ಆ ಅಪ್‌ಡೇಟನ್ನು ಕೊಡದೆ ತಡೆಹಿಡಿಯಬೇಕಾಯಿತು. ಆದ್ದರಿಂದ ಮೊದಲು ನೋಡಬೇಕಾದದ್ದು ದಿನಾಂಕವನ್ನು. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿ ತೆರೆದರೆ, ಯಾವ ದಿನ ಕ್ರ್ಯಾಶ್ ಶುರುವಾಯಿತು, ಅದಕ್ಕೆ ಮುಂಚೆ ಏನು ಇನ್‌ಸ್ಟಾಲ್ ಆಗಿತ್ತು ಅಥವಾ ಅಪ್‌ಡೇಟ್ ಆಗಿತ್ತು ಎಂಬುದು ದಿನವಾರು ಕಾಣುತ್ತದೆ. ಇಷ್ಟು ಉಪಯುಕ್ತವಾದ ಸಾಧನವನ್ನು ಬಳಸುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ.

ಎರಡನೆಯ ಸಾಕ್ಷ್ಯ ಮಿನಿಡಂಪ್. ಪ್ರತಿ ಕ್ರ್ಯಾಶ್‌ಗೂ ಆ ಕ್ಷಣದ ವಿವರವಿರುವ ಒಂದು ಚಿಕ್ಕ ಫೈಲ್ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಮಿನಿಡಂಪ್ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ, ಸ್ಟಾರ್ಟಪ್ ಆ್ಯಂಡ್ ರಿಕವರಿ ಸೆಟ್ಟಿಂಗ್‌ನಲ್ಲಿ ಸ್ಮಾಲ್ ಮೆಮೊರಿ ಡಂಪ್ ಆಯ್ದು, ಆಟೋಮ್ಯಾಟಿಕಲಿ ರೀಸ್ಟಾರ್ಟ್ ಎಂಬುದರ ಗುರುತು ತೆಗೆದು, ಮುಂದಿನ ಕ್ರ್ಯಾಶ್‌ವರೆಗೆ ಕಾಯಿರಿ. ತಾತ್ಕಾಲಿಕ ಫೈಲ್ ಅಳಿಸುವ ಕ್ಲೀನರ್ ಪ್ರೋಗ್ರಾಂಗಳನ್ನು ಅಲ್ಲಿಯವರೆಗೆ ಓಡಿಸಬೇಡಿ. ಡಂಪ್ ಫೈಲನ್ನು ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುವ ವಿನ್‌ಡಿಬಗ್ (WinDbg) ಎಂಬ ದೋಷ ಹುಡುಕುವ ಸಾಧನದಲ್ಲಿ ತೆರೆದು ಅನಲೈಸ್ ಎಂಬ ಕೊಂಡಿಯನ್ನು ಒತ್ತಿದರೆ, ಮಾಡ್ಯೂಲ್ ನೇಮ್ ಎಂಬಲ್ಲಿ ಒಂದು ಹೆಸರು ಬರುತ್ತದೆ. ಆ ಒಂದು ಹೆಸರನ್ನೇ ಪೂರ್ತಿ ನಂಬಬೇಡಿ. ಹಲವು ಸಲ ಅದು ವಿಂಡೋಸ್ ಕರ್ನಲ್‌ನ ಹೆಸರೇ ಆಗಿರುತ್ತದೆ, ಆದರೆ ತಪ್ಪು ಮಾಡಿದ್ದು ಅದಕ್ಕಿಂತ ಸ್ವಲ್ಪ ಮುಂಚೆ ಓಡಿದ ಬೇರೆ ಡ್ರೈವರ್ ಆಗಿರಬಹುದು. ಕೆಳಗಿನ ಸ್ಟ್ಯಾಕ್ ಪಟ್ಟಿಯಲ್ಲಿ ಫಿಲ್ಟರ್ ಮ್ಯಾನೇಜರ್‌ನ (FLTMGR, ಫೈಲ್ ಪರೀಕ್ಷಿಸುವ ಡ್ರೈವರ್‌ಗಳನ್ನು ನಿರ್ವಹಿಸುವ ವಿಂಡೋಸ್ ಭಾಗ) ಸಾಲುಗಳು ಕಂಡರೆ ಫೈಲ್ ಪರೀಕ್ಷೆಯ ಹಾದಿಯಲ್ಲಿ ತೊಂದರೆ ಇದೆಯೆಂದೂ, ನೆಟ್‌ವರ್ಕ್ ಭಾಗಗಳಾದ ನೆಟ್‌ಐಒ ಅಥವಾ ಟಿಸಿಪಿಐಪಿ ಕಂಡರೆ ಫೈರ್‌ವಾಲ್, ವೆಬ್ ಶೀಲ್ಡ್, ವಿಪಿಎನ್‌ಗಳ ಕಡೆ ನೋಡಬೇಕೆಂದೂ ತಿಳಿಯಿರಿ. ಎರಡು ಮೂರು ಡಂಪ್‌ಗಳಲ್ಲಿ ಅದೇ ಹೊರಗಿನ ಡ್ರೈವರ್ ಮತ್ತೆ ಮತ್ತೆ ಬಂದರೆ ಅನುಮಾನಕ್ಕೆ ಬಲ ಬರುತ್ತದೆ. ಪ್ರತಿಸಲವೂ ಬೇರೆ ಬೇರೆ ದೋಷ, ಬೇರೆ ಬೇರೆ ಡ್ರೈವರ್ ಕಂಡರೆ ರ‍್ಯಾಮ್ ಕೆಟ್ಟಿರುವ ಸಂಭವವೇ ಹೆಚ್ಚು. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ಅದನ್ನು ಮೊದಲು ತೀರ್ಮಾನಿಸಿಕೊಳ್ಳಿ.

ಇನ್ನು ಯಾವ ಯಾವ ಕಾವಲು ಡ್ರೈವರ್‌ಗಳು ಈಗ ಓಡುತ್ತಿವೆ ಎಂದು ನೋಡಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇಂಗ್ಲಿಷಿನ ಎಫ್, ಎಲ್, ಟಿ, ಎಂ, ಸಿ ಎಂಬ ಐದು ಅಕ್ಷರಗಳನ್ನು ಒಟ್ಟಿಗೆ ಟೈಪಿಸಿ ಎಂಟರ್ ಒತ್ತಿ. ಫಿಲ್ಟರ್‌ಗಳ, ಅಂದರೆ ಈ ಕಾವಲು ಡ್ರೈವರ್‌ಗಳ, ಹೆಸರಿನ ಪಟ್ಟಿಯೊಂದು ಬರುತ್ತದೆ, ಅದರಲ್ಲಿ ಅವುಗಳ ಸಾಲಿನ ಕ್ರಮವನ್ನು ಸಂಖ್ಯೆಯಲ್ಲಿ ತೋರಿಸುವ ಆಲ್ಟಿಟ್ಯೂಡ್ ಎಂಬ ಕಾಲಂ ಇರುತ್ತದೆ. 320000ದಿಂದ 329999ರವರೆಗಿನ ಸಂಖ್ಯೆಗಳನ್ನು ಮೈಕ್ರೋಸಾಫ್ಟ್ ಆಂಟಿವೈರಸ್‌ಗಳಿಗೆಂದೇ ಮೀಸಲಿಟ್ಟಿದೆ. ವಿಂಡೋಸ್ ಜೊತೆ ಬರುವ ಡಿಫೆಂಡರ್‌ನ ಡಬ್ಲ್ಯೂಡಿಫಿಲ್ಟರ್ 328010ರಲ್ಲಿ ಕಾಣುತ್ತದೆ. ಇದೇ ವ್ಯಾಪ್ತಿಯಲ್ಲಿ ಬೇರೆ ಬೇರೆ ಕಂಪನಿಗಳ ಎರಡು ಹೆಸರುಗಳಿದ್ದರೆ, ಅದರಲ್ಲೂ ನೀವು ಹಿಂದೆಯೇ ಅನ್‌ಇನ್‌ಸ್ಟಾಲ್ ಮಾಡಿದ್ದೆಂದು ನಂಬಿರುವ ತಂತ್ರಾಂಶದ ಹೆಸರಿದ್ದರೆ, ಅದನ್ನು ಬರೆದಿಟ್ಟುಕೊಳ್ಳಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಗಡಿಯಾರದ ಪಕ್ಕದ ಐಕಾನ್‌ನಿಂದ ರಕ್ಷಣೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆಗಲೂ ಕ್ರ್ಯಾಶ್ ಆಯಿತೆಂದು ಆಂಟಿವೈರಸ್ ನಿರ್ದೋಷಿ ಎಂದುಕೊಳ್ಳುತ್ತಾರೆ. ರಕ್ಷಣೆ ನಿಂತರೂ ಡ್ರೈವರ್ ಕರ್ನಲ್‌ನಲ್ಲಿ ಇದ್ದೇ ಇರುತ್ತದೆ. ಸರ್ವಿಸ್‌ಗಳನ್ನು ನಿಲ್ಲಿಸುವ ಕ್ಲೀನ್ ಬೂಟ್ ಕೂಡ ಆ ಡ್ರೈವರನ್ನು ತಡೆಯುವುದಿಲ್ಲ. ಪೂರ್ತಿ ತೆಗೆದು ನೋಡುವುದೊಂದೇ ಸರಿಯಾದ ಪರೀಕ್ಷೆ.

ತೆಗೆಯುವ ಮುಂಚೆ ಮುಖ್ಯ ಫೈಲ್‌ಗಳ ಬ್ಯಾಕಪ್ ಮಾಡಿ, ಲೈಸೆನ್ಸ್ ಕೀಯನ್ನೂ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆಯಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನೂ ಬೇರೆ ಕಡೆ ಬರೆದಿಡಿ, ಆ ಕಂಪನಿಯದೇ ರಿಮೂವಲ್ ಟೂಲನ್ನು ಅವರ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ಇಂಟರ್‌ನೆಟ್ ಸಂಪರ್ಕ ಕಡಿದು, ಮೊದಲು ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಿಂದ ಮಾಮೂಲಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಶಟ್‌ಡೌನ್ ಮಾಡದೆ ರೀಸ್ಟಾರ್ಟ್ ಮಾಡಿ, ಏಕೆಂದರೆ ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಹಾಗೆಯೇ ಮರಳುತ್ತದೆ. ನಂತರ ಸೇಫ್ ಮೋಡ್‌ಗೆ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ) ಹೋಗಿ ರಿಮೂವಲ್ ಟೂಲ್ ಓಡಿಸಿ. ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸೇಫ್ ಮೋಡ್‌ನಲ್ಲಿ ಮಾಮೂಲಾಗಿ ಓಡುವುದಿಲ್ಲವಾದ್ದರಿಂದ ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಡ್ರೈವರ್ಸ್ ಫೋಲ್ಡರ್‌ಗೆ ಹೋಗಿ ಉಳಿದ ಫೈಲ್‌ಗಳನ್ನು ಕೈಯಿಂದ ಅಳಿಸುವ ಸಾಹಸ ಖಂಡಿತ ಬೇಡ: ಕೆಲವು ಭದ್ರತಾ ತಂತ್ರಾಂಶಗಳು ಕೀಬೋರ್ಡ್‌ನ ಡ್ರೈವರ್ ಸಾಲಿನಲ್ಲೂ ತಮ್ಮ ಫಿಲ್ಟರ್ ಸೇರಿಸಿರುತ್ತವೆ, ರಿಜಿಸ್ಟ್ರಿಯಲ್ಲಿ ಅದರ ಹೆಸರು ಉಳಿದು ಫೈಲ್ ಮಾತ್ರ ಹೋದರೆ ಕೀಬೋರ್ಡ್ ಕೆಲಸ ಮಾಡುವುದಿಲ್ಲ. ಎಲ್ಲ ಮುಗಿದ ಮೇಲೆ ಫಿಲ್ಟರ್ ಪಟ್ಟಿಯನ್ನು ಮತ್ತೊಮ್ಮೆ ತೆಗೆದು, ಹಳೆಯ ಹೆಸರು ಹೋಗಿದೆಯೇ ನೋಡಿ, ವಿಂಡೋಸ್ ಸೆಕ್ಯೂರಿಟಿಯಲ್ಲಿ ಡಿಫೆಂಡರ್ ಚಾಲೂ ಆಗಿದೆಯೆಂದು ಖಾತ್ರಿ ಮಾಡಿಕೊಂಡ ಬಳಿಕವೇ ಇಂಟರ್‌ನೆಟ್ ಜೋಡಿಸಿ.

ಕಂಪ್ಯೂಟರ್ ಡೆಸ್ಕ್‌ಟಾಪ್‌ವರೆಗೂ ಬರುತ್ತಿಲ್ಲವಾದರೆ ಹಾದಿ ಬೇರೆ. ಸತತವಾಗಿ ಬೂಟ್ ವಿಫಲವಾದಾಗ ವಿಂಡೋಸ್ ತಾನೇ ರಿಕವರಿ ಪರದೆ ತರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋಗಿ 4 ಒತ್ತಿದರೆ ಸೇಫ್ ಮೋಡ್ ಸಿಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯ ದೋಷಪೂರಿತ ಅಪ್‌ಡೇಟ್ ಒಂದರಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದು, ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವ ಸ್ಥಿತಿ ಬಂದಾಗಲೂ ಪರಿಹಾರ ಇದೇ ಹಾದಿಯಲ್ಲಿತ್ತು. ಸೇಫ್ ಮೋಡ್‌ಗೆ ಹೋಗಿ, ಕಂಪನಿಯೇ ಸೂಚಿಸಿದ ಒಂದು ಫೈಲನ್ನು ಅಳಿಸಬೇಕಿತ್ತು. ದೋಷಪೂರಿತ ಫೈಲನ್ನು ಕಂಪನಿ ಒಂದೂವರೆ ಗಂಟೆಯೊಳಗೇ ಹಿಂತೆಗೆದುಕೊಂಡರೂ ದುರಸ್ತಿ ದಿನಗಟ್ಟಲೆ ನಡೆಯಿತು, ಏಕೆಂದರೆ ಅನೇಕ ಯಂತ್ರಗಳ ಬಳಿ ಯಾರಾದರೂ ಖುದ್ದಾಗಿ ಹೋಗಬೇಕಿತ್ತು ಮತ್ತು ಬಿಟ್‌ಲಾಕರ್ ಕೀ ಇಲ್ಲದೆ ಒಳಹೋಗಲು ಆಗುತ್ತಿರಲಿಲ್ಲ.

ತೆಗೆದ ಮೇಲೂ ಕ್ರ್ಯಾಶ್ ಮುಂದುವರಿದರೆ ಹೊಸ ಡಂಪ್ ಹಿಡಿದು ಹುಡುಕಾಟವನ್ನು ಮೊದಲಿನಿಂದ ಆರಂಭಿಸಿ. ನಿಂತುಹೋದರೆ, ಡಿಫೆಂಡರ್ ಒಂದನ್ನೇ ಇಟ್ಟುಕೊಳ್ಳಿ ಅಥವಾ ನಿಮ್ಮ ಆಯ್ಕೆಯ ಆಂಟಿವೈರಸ್‌ನ ಹೊಚ್ಚ ಹೊಸ ಆವೃತ್ತಿಯನ್ನು ಹಾಕಿಕೊಳ್ಳಿ. ಅದು ಸರಿಯಾಗಿ ನೋಂದಣಿಯಾದರೆ ಮನೆಬಳಕೆಯ ವಿಂಡೋಸ್‌ನಲ್ಲಿ ಡಿಫೆಂಡರ್ ತಾನಾಗಿ ಬದಿಗೆ ಸರಿಯುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ಹೀಗೆ ತಾನಾಗಿ ಸರಿಯುವುದಿಲ್ಲ, ಅಲ್ಲಿ ಕೈಯಿಂದಲೇ ವ್ಯವಸ್ಥೆ ಮಾಡಬೇಕು. ಕಚೇರಿಯ ಯಂತ್ರವಾದರೆ ಯಾವುದನ್ನೂ ನೀವಾಗಿ ತೆಗೆಯದೆ, ಮಿನಿಡಂಪ್ ಮತ್ತು ಫಿಲ್ಟರ್ ಪಟ್ಟಿಯನ್ನು ಐಟಿ ವಿಭಾಗಕ್ಕೆ ಕೊಡಿ. ಆಂಟಿವೈರಸ್ ಕಂಪನಿಗೆ ದೂರು ಕೊಡುವಾಗಲೂ ಇವೆರಡನ್ನೇ ಕಳಿಸಿ. ಪೂರ್ಣ ಮೆಮೊರಿ ಡಂಪನ್ನು ಕೇಳಿದರೆ ಮಾತ್ರ, ಅದೂ ಅವರ ಅಧಿಕೃತ ಅಪ್‌ಲೋಡ್ ವ್ಯವಸ್ಥೆಯ ಮೂಲಕವೇ ಕೊಡಿ, ಏಕೆಂದರೆ ಕ್ರ್ಯಾಶ್ ಆದ ಕ್ಷಣದಲ್ಲಿ ಮೆಮೊರಿಯಲ್ಲಿದ್ದ ಪಾಸ್‌ವರ್ಡ್‌ಗಳೂ ದಾಖಲೆಗಳ ತುಣುಕುಗಳೂ ಅದರಲ್ಲಿ ಇರಬಹುದು.