ರೀಜನ್ ಆಯ್ಕೆ: ಡೇಟಾಬೇಸ್ ನಿಂತ ಜಾಗದಿಂದ ಲೆಕ್ಕ ಹಾಕಿದ ಅನುಭವ

ನಾನು ನಿರ್ವಹಿಸುವ ಅಪ್ಲಿಕೇಶನ್ ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವಂಥದ್ದು. ಅದು ಮೊದಲು ಅಮೆಜಾನ್‌ನ ಕ್ಲೌಡ್ ಸೇವೆಯ ಉತ್ತರ ವರ್ಜೀನಿಯಾ ರೀಜನ್‌ನಲ್ಲಿ, ಅಂದರೆ ಅಮೆರಿಕದ ಆ ಪ್ರದೇಶದಲ್ಲಿರುವ ಡೇಟಾ ಸೆಂಟರ್‌ಗಳ ಗುಂಪಿನಲ್ಲಿತ್ತು. ಅದನ್ನು ಯಾರೂ ಯೋಚಿಸಿ ಆರಿಸಿರಲಿಲ್ಲ; ಖಾತೆ ತೆರೆದಾಗ ಪರದೆಯ ಮೇಲೆ ಕಂಡ ಹೆಸರನ್ನು ಹಾಗೆಯೇ ಬಿಟ್ಟಿದ್ದೆವು, ಅಷ್ಟೆ. ಬಳಕೆದಾರರಲ್ಲಿ ಹೆಚ್ಚಿನವರು ಯುರೋಪಿನವರು, ಉಳಿದವರು ಆಗ್ನೇಯ ಏಷ್ಯಾದವರು ಎಂಬುದು ಲಾಗ್‌ಗಳಿಂದ (ಸರ್ವರ್ ಬರೆದಿಡುವ ದಾಖಲೆಗಳಿಂದ) ಸ್ಪಷ್ಟವಾದ ಮೇಲೆ ಸ್ಥಳಾಂತರದ ಮಾತು ಬಂತು.

ಮೊದಲ ಅಳತೆಯಲ್ಲೇ ಎಡವಿದೆ. ನನ್ನ ಕಂಪ್ಯೂಟರಿನಿಂದ ಪ್ರತಿ ರೀಜನ್‌ಗೂ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತಾಗುತ್ತದೆಂದು ಅಳೆಯುವ ಪುಟ್ಟ ಸಂದೇಶ) ಕಳುಹಿಸಿ ಪಟ್ಟಿ ಮಾಡಿದೆ. ಅದರಿಂದ ತಿಳಿದದ್ದು ನನ್ನ ಸಂಪರ್ಕದ ಸ್ಥಿತಿಯೇ ಹೊರತು ಬಳಕೆದಾರರದ್ದಲ್ಲ. ಆಮೇಲೆ ಫ್ರಾಂಕ್‌ಫರ್ಟ್, ಐರ್ಲೆಂಡ್, ವರ್ಜೀನಿಯಾ, ಸಿಂಗಪುರಗಳಲ್ಲಿ ಒಂದೊಂದು ಪುಟ್ಟ ಕಡತವನ್ನಿಟ್ಟು, ಬಳಕೆದಾರರ ಬ್ರೌಸರೇ ಅದನ್ನು ತರಿಸಿಕೊಂಡು ಸಮಯ ದಾಖಲಿಸುವಂತೆ ಎರಡು ವಾರ ಬಿಟ್ಟೆ. ಸರಾಸರಿಯನ್ನು ನಂಬದೆ, ನೂರರಲ್ಲಿ ಅತಿ ನಿಧಾನವಾದ ಐದು ಮಂದಿಯ ಸಮಯವನ್ನು ನೋಡಿದೆ. ಯುರೋಪಿನವರಿಗೆ ಫ್ರಾಂಕ್‌ಫರ್ಟ್ ಮುಂದಿತ್ತು.

ಆಗ್ನೇಯ ಏಷ್ಯಾದವರ ಪ್ರಶ್ನೆ ಅಷ್ಟು ಸುಲಭವಾಗಿರಲಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಫ್ರಾಂಕ್‌ಫರ್ಟ್‌ನಿಂದ ಸಿಂಗಪುರಕ್ಕೆ ನೇರ ಅಂತರವೇ 10,000 ಕಿಲೋಮೀಟರ್ ದಾಟುವುದರಿಂದ ಹೋಗಿಬರುವುದಕ್ಕೆ 100 ಮಿಲಿಸೆಕೆಂಡಿಗಿಂತ ಕಡಿಮೆ ಸಾಧ್ಯವೇ ಇಲ್ಲ. ಕೇಬಲ್‌ಗಳು ಸುತ್ತುಬಳಸಿ ಹೋಗುವ ಕಾರಣ ನಾನು ಕಂಡದ್ದು 150ಕ್ಕೂ ಹೆಚ್ಚು. ಸಂಪರ್ಕ ತೆರೆಯುವ ಟಿಸಿಪಿಗೆ ಹೋಗಿಬರುವ ಒಂದು ಸುತ್ತು, ಅದನ್ನು ಗೂಢಲಿಪಿಯಿಂದ ಭದ್ರಪಡಿಸುವ ಟಿಎಲ್‌ಎಸ್ 1.3ಕ್ಕೆ ಒಂದು, ಕೋರಿಕೆಗೆ ಇನ್ನೊಂದು ಎಂದರೆ ಮೊದಲ ಉತ್ತರ ಬರುವಷ್ಟರಲ್ಲಿ 450 ಮಿಲಿಸೆಕೆಂಡ್ ಕಳೆದಿರುತ್ತದೆ.

ಇದನ್ನು ತಪ್ಪಿಸಲೆಂದು ಡೇಟಾಬೇಸನ್ನು ಫ್ರಾಂಕ್‌ಫರ್ಟ್‌ನಲ್ಲಿಟ್ಟು ಅಪ್ಲಿಕೇಶನ್ ಸರ್ವರ್ ಒಂದನ್ನು ಸಿಂಗಪುರದಲ್ಲಿ ಹಾಕಿದೆ. ಪುಟ ಮೊದಲಿಗಿಂತ ನಿಧಾನವಾಯಿತು! ಒಂದು ಪುಟಕ್ಕಾಗಿ ಸರ್ವರ್ ಡೇಟಾಬೇಸಿಗೆ 24 ಕ್ವೆರಿಗಳನ್ನು (ಪ್ರಶ್ನೆಗಳನ್ನು) ಒಂದರ ಹಿಂದೊಂದರಂತೆ ಕೇಳುತ್ತಿತ್ತು; ಬಳಕೆದಾರ ಮೂರು ಸಲ ದಾಟುತ್ತಿದ್ದ ದೂರವನ್ನು ಈಗ ಸರ್ವರ್ 24 ಸಲ ದಾಟುತ್ತಿತ್ತು, ಅಂದರೆ 3.6 ಸೆಕೆಂಡ್. ಮರುದಿನವೇ ಸರ್ವರನ್ನು ಡೇಟಾಬೇಸಿನ ಪಕ್ಕಕ್ಕೆ ತಂದೆ.

ಇಡೀ ಡೇಟಾಬೇಸಿನ, ಓದಲು ಮಾತ್ರ ಬಳಸುವ ಒಂದು ನಕಲು ಪ್ರತಿಯನ್ನು ಸಿಂಗಪುರದಲ್ಲಿಡಬಹುದಿತ್ತಲ್ಲ ಎಂದು ಕೇಳಬಹುದು. ಅದನ್ನೇ ಮಾಡಹೊರಟಿದ್ದೆ, ನಮ್ಮ ವಕೀಲರು ತಡೆದರು. 2018ರ ಮೇ 25ರಿಂದ ಅನ್ವಯವಾದ ಜಿಡಿಪಿಆರ್ (ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಯುರೋಪಿಯನ್ ಒಕ್ಕೂಟ ಮಾಡಿದ ಕಾನೂನು), ಮಾಹಿತಿ ಯುರೋಪಿನಲ್ಲೇ ಇರಬೇಕೆಂದು ವಿಧಿಸುವುದಿಲ್ಲವಾದರೂ ಹೊರಗೆ ಕಳುಹಿಸಲು ಷರತ್ತುಗಳನ್ನಿಡುತ್ತದೆ, ಆರೋಗ್ಯದ ಮಾಹಿತಿಯನ್ನು ವಿಶೇಷ ವರ್ಗವೆಂದು ಎಣಿಸುತ್ತದೆ. ಪೂರ್ತಿ ಪ್ರತಿಯೆಂದರೆ ಯುರೋಪಿನ ರೋಗಿಗಳ ದಾಖಲೆಯೂ ಅದರ ಜೊತೆಗೇ ಹೊರಟಂತೆ. ಹಾಗಾಗಿ ನಮ್ಮ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ಲಾಜಿಕಲ್ ರೆಪ್ಲಿಕೇಶನ್ (ಆರಿಸಿದ ಕೋಷ್ಟಕಗಳನ್ನಷ್ಟೇ ನಕಲಿಸುವ ವಿಧಾನ) ಬಳಸಿ, ರೋಗಿಗಳ ಸುಳಿವೇ ಇಲ್ಲದ, ವೈದ್ಯರ ಖಾಲಿ ಸಮಯಗಳ ಕೋಷ್ಟಕಗಳನ್ನು ಮಾತ್ರ ಕಳುಹಿಸಿದೆ. ಹುಡುಕಾಟ ಸಿಂಗಪುರದಲ್ಲೇ ನಡೆಯುತ್ತದೆ, ಕಾಯ್ದಿರಿಸುವುದು ಮಾತ್ರ ಫ್ರಾಂಕ್‌ಫರ್ಟ್‌ಗೆ ಬರುತ್ತದೆ. ಅಲ್ಲಿನ ನಕಲು ಪ್ರತಿ ಮೂಲಕ್ಕಿಂತ ಕೊಂಚ ಹಿಂದುಳಿಯುವುದರಿಂದ, ಕಾಯ್ದಿರಿಸಿದವರಿಗೆ ಮುಂದಿನ ಪುಟವನ್ನು ಮೂಲ ಡೇಟಾಬೇಸಿನಿಂದಲೇ ತೋರಿಸಬೇಕಾಯಿತು.

ದರವನ್ನು ಕೊನೆಗೆ ನೋಡಿದೆ. ರೀಜನ್‌ನಿಂದ ರೀಜನ್‌ಗೆ ಅದು ಬೇರೆಯಾಗುತ್ತದೆ ನಿಜ, ಆದರೆ ನಮ್ಮಲ್ಲಿ ಅದು ನಿರ್ಧಾರವನ್ನು ಬದಲಿಸಲಿಲ್ಲ. ಬ್ಯಾಕಪ್ ಮಾತ್ರ ಐರ್ಲೆಂಡ್‌ಗೆ ಹೋಗುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಬೆಂಕಿಗೆ ಆಹುತಿಯಾದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡಿದ್ದರು.

ಎಲ್ಲ ಮುಗಿದು ವರ್ಜೀನಿಯಾದಲ್ಲಿದ್ದುದನ್ನು ಅಳಿಸುತ್ತಿರುವಾಗ ಒಂದು ಮಾತ್ರ ಉಳಿದುಕೊಂಡಿತು. ಪುಟಗಳನ್ನು ಬಳಕೆದಾರರ ಸಮೀಪದಿಂದ ತಲುಪಿಸುವ ಅಮೆಜಾನ್ ಸೇವೆಯಾದ ಕ್ಲೌಡ್‌ಫ್ರಂಟ್‌ಗೆ ಅಮೆಜಾನ್ ನೀಡುವ ಟಿಎಲ್‌ಎಸ್ ಪ್ರಮಾಣಪತ್ರ ಆ ರೀಜನ್‌ನಲ್ಲೇ ಇರಬೇಕೆಂಬ ನಿಯಮವಿರುವುದರಿಂದ, ಅದು ಇಂದಿಗೂ ಅಲ್ಲೇ ಇದೆ.