ಡ್ರೆಸಾಜ್ ಸವಾರಿ: ಲಂಜ್ ಹಗ್ಗದಿಂದ ಗ್ರ್ಯಾನ್ ಪ್ರಿ ತನಕ

ಮಗುವನ್ನು ರೈಡಿಂಗ್ ಶಾಲೆಗೆ ಸೇರಿಸಿದ ತಂದೆತಾಯಿ ಆರೇ ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಸ್ಪರ್ಧೆಗೆ ಯಾವಾಗ? ಡ್ರೆಸಾಜ್ ಎಂದರೆ ಅಂಗಳದಲ್ಲಿ ಗೊತ್ತುಪಡಿಸಿದ ಚಲನೆಗಳ ಸಾಲನ್ನು, ಅಂದರೆ ಒಂದು ಪರೀಕ್ಷೆಯನ್ನು, ಸವಾರಿ ಮಾಡಿ ತೋರಿಸಿ ಅಂಕ ಗಳಿಸುವ ಕ್ರೀಡೆ. ಅದರಲ್ಲಿ ಸ್ಪರ್ಧೆಗಿಂತ ಮೊದಲು ಕೇಳಬೇಕಾದದ್ದು, ಮಗುವಿಗೆ ಲಗಾಮು ಹಿಡಿಯದೆ ಕೂರಲು ಬಂತೇ ಎಂದು. ಮೇಲಿನ ಹಂತಗಳಲ್ಲಿ ಅಂಕ ಕಳೆಯುವ ದೋಷಗಳಲ್ಲಿ ಹೆಚ್ಚಿನವು ಅಲ್ಲಿ ಹುಟ್ಟಿದವಲ್ಲ. ಎಂಟು ಹತ್ತು ವರ್ಷದ ವಯಸ್ಸಿನಲ್ಲಿ ಕೂರುವುದನ್ನು ಅವಸರದಲ್ಲಿ ಮುಗಿಸಿ ಮುಂದೆ ಹೋದದ್ದರ ಫಲ ಅವು.

ಆರರಿಂದ ಎಂಟು ವರ್ಷ ಶುರು ಮಾಡಲು ಒಳ್ಳೆಯ ವಯಸ್ಸು. ಬೆಂಗಳೂರಿನ ಉತ್ತರಕ್ಕಿರುವ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ 1996ರಿಂದ ನಡೆಯುತ್ತಿದೆ. ನಗರದ ಅಂಚಿನಲ್ಲಿ ಸಣ್ಣ ಶಾಲೆಗಳೂ ಇವೆ. ಶಾಲೆ ಆರಿಸುವಾಗ ಕಟ್ಟಡ ನೋಡಬೇಡಿ, ಲಾಯ ನೋಡಿ. ಕುದುರೆಗಳ ಬೆನ್ನು ಮುಟ್ಟಿದರೆ ಕುಗ್ಗುತ್ತವೆಯೇ, ಬಾಯಿಯ ಮೂಲೆಯಲ್ಲಿ ಹುಣ್ಣಿದೆಯೇ, ಗೊರಸಿನಡಿ ಕೊಳೆತ ವಾಸನೆ ಇದೆಯೇ, ಇಷ್ಟು ನೋಡಿದರೆ ಅಲ್ಲಿನ ಪಾಠ ಹೇಗಿದೆ ಎಂದು ಅರ್ಧ ಗೊತ್ತಾಗುತ್ತದೆ. ಲಂಜ್ ಪಾಠ, ಅಂದರೆ ಉದ್ದ ಹಗ್ಗ ಕಟ್ಟಿದ ಕುದುರೆಯ ಮೇಲೆ ಕೂರುವ ಪಾಠ, ಕೊಡುತ್ತಾರೆಯೇ ಎಂದು ಕೇಳಿ. ಇಲ್ಲ ಎಂದರೆ ಬೇರೆ ಶಾಲೆ ಹುಡುಕಿ.

ಸಲಕರಣೆಯಲ್ಲಿ ಮೊದಲು ಹೆಲ್ಮೆಟ್. ಸವಾರಿಗೆಂದೇ ಪ್ರಮಾಣೀಕರಿಸಿದ್ದೇ ಆಗಬೇಕು, ಸೈಕಲ್ ಹೆಲ್ಮೆಟ್ ನಡೆಯದು. ಒಮ್ಮೆ ತಲೆ ಬಡಿದು ಬಿದ್ದ ಮೇಲೆ ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಬದಲಿಸಬೇಕು, ಏಕೆಂದರೆ ಒಳಗಿನ ಪದರ ಒಂದೇ ಪೆಟ್ಟಿಗೆ ನಜ್ಜುಗುಜ್ಜಾಗಿರುತ್ತದೆ. ಬೂಟಿಗೆ ಸಣ್ಣ ಹಿಮ್ಮಡಿ ಇರಲಿ, ಇಲ್ಲವಾದರೆ ಪಾದ ರಿಕಾಪಿನೊಳಗೆ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆಯೊಳಗೆ) ಪೂರ್ತಿ ಜಾರಿ ಸಿಕ್ಕಿಕೊಳ್ಳುತ್ತದೆ. ರಿಕಾಪು ಬೂಟಿಗಿಂತ ಸುಮಾರು ಒಂದು ಇಂಚು ಅಗಲವಿದ್ದರೆ ಸಾಕು.

ಲಂಜ್ ಮೇಲಿನ ವರ್ಷಗಳು

ಲಂಜ್ ಎಂದರೆ ತರಬೇತುದಾರ ಉದ್ದ ಹಗ್ಗ ಹಿಡಿದು ಕುದುರೆಯನ್ನು 15ರಿಂದ 20 ಮೀಟರ್ ವ್ಯಾಸದ ವೃತ್ತದಲ್ಲಿ ಓಡಿಸುವುದು. ಕುದುರೆಯ ವೇಗ, ದಿಕ್ಕು ಎಲ್ಲ ತರಬೇತುದಾರನ ಕೈಯಲ್ಲಿ. ಮಗುವಿನ ಕೆಲಸ ಕೂರುವುದಷ್ಟೇ. ಒಂದು ಪಾಠ 20ರಿಂದ 30 ನಿಮಿಷ ಇರಲಿ, ಐದಾರು ನಿಮಿಷಕ್ಕೊಮ್ಮೆ ದಿಕ್ಕು ಬದಲಾಗಲಿ. ಅದಕ್ಕಿಂತ ಹೆಚ್ಚಾದರೆ ಮಗುವಿನ ತೊಡೆ ಸೋತು ಬಿಗಿಯುತ್ತದೆ, ಬಿಗಿದ ತೊಡೆಯಲ್ಲಿ ಕಲಿತದ್ದೆಲ್ಲ ತಪ್ಪೇ.

ಪಕ್ಕದಿಂದ ನೋಡಿದಾಗ ಕಿವಿ, ಭುಜ, ಸೊಂಟದ ಕೀಲು, ಹಿಮ್ಮಡಿ ಒಂದೇ ನೇರ ಲಂಬದಲ್ಲಿರಬೇಕು. ಸೊಂಟ ಮುಂದಕ್ಕೆ ಮಡಚಿ ಹಿಮ್ಮಡಿ ಮೇಲೆದ್ದಿದ್ದರೆ ಮಗು ಮಂಡಿಯಿಂದ ಕಚ್ಚಿ ಹಿಡಿದಿದೆ ಎಂದರ್ಥ. ಮಂಡಿ ಕಚ್ಚಿದಷ್ಟೂ ಕೂತ ಜಾಗ ಜೀನಿನಿಂದ ಮೇಲೆ ಚಿಮ್ಮುತ್ತದೆ, ಚಿಮ್ಮಿದಷ್ಟೂ ಹೆದರಿಕೆಯಾಗಿ ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. "ಹಿಮ್ಮಡಿ ಕೆಳಗೆ" ಎಂದು ಕೂಗಿದರೆ ಇದು ಬಿಡುವುದಿಲ್ಲ. ರಿಕಾಪು ತೆಗೆಸಿ, ಎರಡೂ ಕಾಲನ್ನು ಜೀನಿನಿಂದ ಒಂದು ಗೇಣು ಪಕ್ಕಕ್ಕೆ ಎತ್ತಿಸಿ ಮೆಲ್ಲಗೆ ಇಳಿಬಿಡಿಸಬೇಕು. ನಡಿಗೆಯಲ್ಲಿ ಹತ್ತು ಸಲ ಹೀಗೆ ಮಾಡಿದರೆ ತೊಡೆ ತಾನೇ ಸಡಿಲವಾಗಿ ಕೆಳಗಿಳಿಯುತ್ತದೆ.

ಟ್ರಾಟ್‌ನಲ್ಲಿ, ಅಂದರೆ ಎರಡು ತಾಳದ ಓಟದಲ್ಲಿ, ಎದ್ದು ಕೂರುವುದನ್ನು ಕಲಿಸುವಾಗ ಕುದುರೆಯ ಹೊರಗಿನ (ವೃತ್ತದ ಹೊರಬದಿಯ) ಭುಜ ಮುಂದೆ ಹೋದಾಗ ಏಳಬೇಕು, ಹಿಂದೆ ಬಂದಾಗ ಕೂರಬೇಕು. ಟ್ರಾಟ್‌ನಲ್ಲಿ ಮುಂಗಾಲು ಮತ್ತು ಎದುರು ಬದಿಯ ಹಿಂಗಾಲು ಜೋಡಿಯಾಗಿ ಚಲಿಸುತ್ತವೆ. ಹೀಗೆ ಎದ್ದರೆ ಒಳಗಿನ ಹಿಂಗಾಲು ಗಾಳಿಯಲ್ಲಿದ್ದಾಗ ಸವಾರನ ಭಾರ ಮೇಲಿರುತ್ತದೆ, ಕಾಲು ಹೊಟ್ಟೆಯಡಿ ಮುಂದೆ ಬರಲು ಜಾಗ ಸಿಗುತ್ತದೆ. ತಪ್ಪಿದರೆ ಎರಡು ಹೆಜ್ಜೆ ಕೂತೇ ಇದ್ದು ಏಳಲಿ. ಕೆಳಗೆ ಬಗ್ಗಿ ಭುಜ ನೋಡುವ ಚಟ ಅಂಟದಂತೆ ಎಚ್ಚರ ವಹಿಸಿ. ಒಂದೆರಡು ತಿಂಗಳಲ್ಲಿ ಅದು ಸೊಂಟಕ್ಕೇ ಗೊತ್ತಾಗಬೇಕು.

ಲಂಜ್ ಬಿಡಿಸುವುದಕ್ಕೆ ಒಂದು ಪರೀಕ್ಷೆ ಇದೆ. ರಿಕಾಪಿಲ್ಲದೆ, ಎರಡೂ ಕೈ ಪಕ್ಕಕ್ಕೆ ಚಾಚಿಕೊಂಡು, ಟ್ರಾಟ್‌ನಿಂದ ನಡಿಗೆಗೆ, ನಡಿಗೆಯಿಂದ ಮತ್ತೆ ಟ್ರಾಟ್‌ಗೆ ಹೋಗುವಾಗ ಮಗು ಏನನ್ನೂ ಹಿಡಿಯದೆ ಉಳಿಯಬೇಕು. ಅದಕ್ಕಿಂತ ವೇಗದ, ಮೂರು ತಾಳದ ಕ್ಯಾಂಟರ್ ಓಟದಲ್ಲೂ ಹಾಗೆಯೇ. ಅದಕ್ಕೆ ಮೊದಲೇ ಲಗಾಮು ಕೊಟ್ಟರೆ ಮಗು ಕುದುರೆಯ ಬಾಯನ್ನು ಹಿಡಿದು ಸಮತೋಲನ ಕಾಯುತ್ತದೆ. ಕುದುರೆ ನೋವಿಗೆ ತಲೆ ಎತ್ತಿ ಬೆನ್ನು ತಗ್ಗಿಸುತ್ತದೆ, ತಗ್ಗಿದ ಬೆನ್ನ ಮೇಲೆ ಯಾರಿಗೂ ಕೂರಲಾಗದು. ಸ್ಪರ್ಧೆಗೆ ಬಂದ ಮೇಲೂ ವಾರಕ್ಕೊಂದು ಲಂಜ್ ಪಾಠ ಇಟ್ಟುಕೊಳ್ಳುವುದು ಲಾಭವೇ.

ಅಂಗಳದ ಅಳತೆ

ಲಗಾಮು ಕೈಗೆ ಬಂದ ಮೇಲೆ ಕಲಿಯಬೇಕಾದದ್ದು ಜ್ಯಾಮಿತಿ. ಚಿಕ್ಕ ಅಂಗಳ 20×40 ಮೀಟರ್, ಪೂರ್ಣ ಅಂಗಳ 20×60. ಪೂರ್ಣ ಅಂಗಳದ ಉದ್ದ ಬದಿಯಲ್ಲಿ ಕೆ, ವಿ, ಇ, ಎಸ್, ಎಚ್ ಅಕ್ಷರಗಳು. ಮೂಲೆಯಿಂದ ಕೆ 6 ಮೀಟರ್, ಅಲ್ಲಿಂದ ಮುಂದೆ ಒಂದೊಂದರ ನಡುವೆ 12 ಮೀಟರ್. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿ.

ಗಿಡ್ಡ ಬದಿಯ ನಡುವಿನ ಎ ಅಕ್ಷರದಲ್ಲಿ 20 ಮೀಟರ್ ವೃತ್ತ ಎಂದಾಗ ಹೆಚ್ಚಿನ ಮಕ್ಕಳು ಮೂಲೆಯೊಳಗೆ ಹೊಕ್ಕು ಮೊಟ್ಟೆಯಾಕಾರ ಬಿಡಿಸುತ್ತಾರೆ, ಇಲ್ಲವೇ ವಿ ತನಕ ಗೋಡೆ ಹಿಡಿದು ಹೋಗುತ್ತಾರೆ. ವೃತ್ತ ಉದ್ದ ಬದಿಯನ್ನು ಮುಟ್ಟಬೇಕಾದದ್ದು ಮೂಲೆಯಿಂದ 10 ಮೀಟರಿನಲ್ಲಿ, ಅಂದರೆ ಕೆ ದಾಟಿ 4 ಮೀಟರ್. ಮಧ್ಯರೇಖೆಯನ್ನು ದಾಟಬೇಕಾದದ್ದು ಎ ಇಂದ 20 ಮೀಟರಿನಲ್ಲಿ, ಅದು ವಿ ಮತ್ತು ಅದರ ಎದುರು ಬದಿಯ ಪಿ ಸೇರಿಸುವ ಗೆರೆಗಿಂತ 2 ಮೀಟರ್ ಆಚೆ. ಚಿಕ್ಕ ಅಂಗಳದಲ್ಲಿ ಅದೇ ವೃತ್ತ ಸರಿಯಾಗಿ ಅಂಗಳದ ನಡುಬಿಂದುವಾದ ಎಕ್ಸ್ ಮೇಲೆ ಹಾದುಹೋಗುತ್ತದೆ, ಅಲ್ಲಿ ಅಭ್ಯಾಸ ಮಾಡಿ ದೊಡ್ಡ ಅಂಗಳಕ್ಕೆ ಬಂದವರು ಎಡವುವುದು ಇಲ್ಲಿಯೇ. ನಾಲ್ಕು ಬಿಂದುಗಳಲ್ಲಿ ಕೋನ್ ಇಟ್ಟು, ಪ್ರತಿ ಕಾಲು ವೃತ್ತದಲ್ಲೂ ಹೆಜ್ಜೆ ಎಣಿಸಿ. ನಾಲ್ಕೂ ಕಡೆ ಎಣಿಕೆ ಒಂದೇ ಬಂದರೆ ವೃತ್ತ ದುಂಡಗಿದೆ.

ಇದು ಅಂದಚೆಂದದ ಮಾತಲ್ಲ. ಪ್ರತಿ ಚಲನೆಗೂ ತೀರ್ಪುಗಾರರು 0ಯಿಂದ 10ರವರೆಗೆ, ಅರ್ಧ ಅಂಕವೂ ಸೇರಿ, ಅಂಕ ಕೊಡುತ್ತಾರೆ. ಆಕಾರ ತಪ್ಪಿದರೆ ಕುದುರೆ ಎಷ್ಟೇ ಚೆಂದ ಓಡಿದರೂ 7 ಆಗಬೇಕಾದದ್ದು 6ಕ್ಕೆ ಇಳಿಯುತ್ತದೆ. ಕೆಲವು ಚಲನೆಗಳಿಗೆ ಅಂಕ ಇಮ್ಮಡಿ, ಹಲವು ಪರೀಕ್ಷೆಗಳಲ್ಲಿ ನಡಿಗೆಗೂ ಹೀಗೆ. ಮನೆಯಲ್ಲಿ ನಡಿಗೆಯನ್ನು ವಿಶ್ರಾಂತಿಯೆಂದು ಬಿಟ್ಟವರು ಸ್ಪರ್ಧೆಯಲ್ಲಿ ಅಲ್ಲೇ ಸೋಲುತ್ತಾರೆ. ನಾಲ್ಕು ತಾಳದ ನಡಿಗೆ ಎರಡು ತಾಳಕ್ಕೆ ಕುಸಿಯುವುದು ಸವಾರ ಲಗಾಮನ್ನು ಗಿಡ್ಡ ಮಾಡಿ ಅವಸರಪಡಿಸಿದಾಗ.

ಹಾಫ್ ಹಾಲ್ಟ್

ಮುಂದಿನ ಎಲ್ಲಕ್ಕೂ ಕೀಲಿ ಇದು. ಕುದುರೆಯನ್ನು ನಿಲ್ಲಿಸುವುದಲ್ಲ, ಭಾರವನ್ನು ಹಿಂಗಾಲಿಗೆ ಸರಿಸಿಕೊಳ್ಳಲು ಅದಕ್ಕೆ ಅರೆಕ್ಷಣ ಕೊಡುವುದು. ಬೆನ್ನು ನೀಳವಾಗಲಿ, ಹೊಟ್ಟೆಯ ಸ್ನಾಯು ಬಿಗಿಯಲಿ, ಎರಡೂ ಕಾಲು ಮೆಲ್ಲಗೆ ಸುತ್ತಿಕೊಳ್ಳಲಿ, ಅದೇ ಗಳಿಗೆಯಲ್ಲಿ ಹೊರಗಿನ ಲಗಾಮು ಹಿಡಿದ ಮುಷ್ಟಿ ಒದ್ದೆ ಬಟ್ಟೆ ಹಿಂಡಿದಂತೆ ಮುಚ್ಚಿ ತೆರೆಯಲಿ. ಇಡೀ ಕೆಲಸ ಒಂದು ಹೆಜ್ಜೆಯಷ್ಟು ಹೊತ್ತು. ತೆರೆಯುವುದೇ ಮುಖ್ಯ. ಮುಚ್ಚಿದ ಮುಷ್ಟಿ ಹಾಗೆಯೇ ಉಳಿದರೆ ಕುದುರೆ ಕತ್ತು ಮಡಚಿ ಮೂಗನ್ನು ಎದೆಯ ಕಡೆ ತರುತ್ತದೆ. ನೋಡುವವರಿಗೆ ಅದು ಬಾಗಿದ ಚೆಂದದ ಕತ್ತು, ಹಿಂಗಾಲುಗಳು ಮಾತ್ರ ಹಿಂದೆಯೇ ಎಳೆದುಕೊಂಡು ಬರುತ್ತಿರುತ್ತವೆ. ಈ ಸುಳ್ಳು ಚೆಲುವಿಗೆ ಎಷ್ಟೋ ಮಕ್ಕಳನ್ನು ಹೊಗಳುವುದು ಬೇಸರದ ಸಂಗತಿ, ಅದನ್ನು ಬಿಡಿಸಲು ಮುಂದೆ ವರ್ಷಗಳೇ ಹಿಡಿಯುತ್ತವೆ.

ಜರ್ಮನರ ತರಬೇತಿ ಕ್ರಮ ಇದಕ್ಕೇ ಲಯವನ್ನು ಮೊದಲಿಡುತ್ತದೆ. ಆಮೇಲೆ ಸಡಿಲತೆ, ಬಾಯಿಯ ಸಂಪರ್ಕ, ಚಿಮ್ಮು, ನೇರತನ, ಕೊನೆಗೆ ಭಾರ ಹಿಂದೆ ಕೂಡಿಸುವುದು. ಮೇಲಿನದು ಕೆಟ್ಟರೆ ಕೆಳಗಿಳಿದು ಲಯದಿಂದ ಮತ್ತೆ ನೋಡಿ. ಇಮ್ಮಡಿ ಕಡಿವಾಣವಾಗಲಿ (ಬಾಯಲ್ಲಿ ಎರಡು ಕಡಿವಾಣ, ಕೈಯಲ್ಲಿ ಎರಡು ಜೊತೆ ಲಗಾಮು) ಸ್ಪರ್ ಆಗಲಿ (ಬೂಟಿನ ಹಿಮ್ಮಡಿಯ ಲೋಹದ ಮುಳ್ಳು), ಕೈಕಾಲು ಒಂದನ್ನೊಂದು ಬಿಟ್ಟು ಕೆಲಸ ಮಾಡಲು ಕಲಿತ ಮೇಲೆಯೇ.

ಕುದುರೆ ಮತ್ತು ಲಾಯ

ನಮ್ಮ ಶಾಲೆಗಳಲ್ಲಿ ರೇಸ್ ಮುಗಿಸಿದ ಥರೋಬ್ರೆಡ್ ತಳಿಯ ಕುದುರೆಗಳು ಬಹಳ. ಅವು ಒಳ್ಳೆಯ ಕುದುರೆಗಳೇ, ಆದರೆ ರೇಸಿನಲ್ಲಿ ಲಗಾಮಿಗೆ ಒರಗಿ ಓಡಲು ಕಲಿತಿರುತ್ತವೆ. ಎಳೆದಷ್ಟೂ ವೇಗ ಹೆಚ್ಚಿಸುತ್ತವೆ. ಹರೆಯದ ಸವಾರನಿಗೆ ಬೇಕಾದದ್ದು ಚಲನೆಗಳನ್ನು ಬಲ್ಲ ವಯಸ್ಸಾದ ಕುದುರೆ. ಕಲಿಯುವ ಸವಾರನಿಗೆ ಕಲಿಯದ ಎಳೆಯ ಕುದುರೆ ಕೊಂಡು ಕೊಡುವುದು ಮನೆಯವರು ಮಾಡುವ ದುಬಾರಿ ತಪ್ಪು.

ಲಾಯದ ಕೆಲಸವನ್ನು ಸೈಸ್‌ಗೆ (ಕುದುರೆ ನೋಡಿಕೊಳ್ಳುವ ಆಳಿಗೆ) ಬಿಟ್ಟವರು ವೃತ್ತಿಪರರಾಗುವುದು ಕಷ್ಟ. 500 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಕನಿಷ್ಠ 7.5ರಿಂದ 10 ಕೆ.ಜಿ. ಒಣ ಮೇವು ಬೇಕು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44, ಉಷ್ಣತೆ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಮೇವು ಬಿಟ್ಟು, ಪಕ್ಕೆ ತಿರುಗಿ ನೋಡಿಕೊಂಡು, ನೆಲ ಕೆರೆದರೆ ಅದು ಹೊಟ್ಟೆಶೂಲೆ. ಕಾಯದೆ ವೈದ್ಯರನ್ನು ಕರೆಯಿರಿ. ದಿನವೂ ಮುಂಗಾಲುಗಳ ಸ್ನಾಯುರಜ್ಜುಗಳ ಮೇಲೆ ಕೈಯಾಡಿಸುವ ಸವಾರನಿಗೆ ಎಲ್ಲಿ ಬಿಸಿಯಿದೆ ಎಂದು ಕುಂಟುವ ಮೊದಲೇ ಗೊತ್ತಾಗುತ್ತದೆ.

ಒಂದು ದಿನದ ಕೆಲಸ: ಹತ್ತು ನಿಮಿಷ ಸಡಿಲ ಲಗಾಮಿನ ನಡಿಗೆ, ಹದಿನೈದು ನಿಮಿಷ ಮೈಬಿಸಿ, ಹದಿನೈದಿಪ್ಪತ್ತು ನಿಮಿಷ ಪಾಠ, ಮತ್ತೆ ಹತ್ತು ನಿಮಿಷ ನಡಿಗೆ. ವಾರಕ್ಕೊಂದು ದಿನವಾದರೂ ಅಂಗಳದ ಹೊರಗೆ ಕರೆದೊಯ್ಯಿರಿ.

ಹಂತಗಳು

ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ ಪ್ರಕಾರ ಮಕ್ಕಳ ವಿಭಾಗ 12ರಿಂದ 14 ವರ್ಷ, ಜೂನಿಯರ್ 14ರಿಂದ 18, ಯಂಗ್ ರೈಡರ್ 16ರಿಂದ 21, ಆಮೇಲೆ 25ರೊಳಗಿನವರ ವಿಭಾಗ. ಹಿರಿಯರಲ್ಲಿ ಪ್ರಿ ಸೇಂಟ್ ಜಾರ್ಜ್‌ನಿಂದ ಶುರುವಾಗಿ ಇಂಟರ್‌ಮೀಡಿಯೇಟ್ ಹಂತಗಳನ್ನು ದಾಟಿ ಅತ್ಯುನ್ನತ ಹಂತವಾದ ಗ್ರ್ಯಾನ್ ಪ್ರಿ. ಭಾರತದಲ್ಲಿ ಇಕ್ವೆಸ್ಟ್ರಿಯನ್ ಫೆಡರೇಷನ್‌ನ ನೋಂದಣಿ ಮಾಡಿಸಿ ಜೂನಿಯರ್ ನ್ಯಾಷನಲ್ಸ್‌ನಿಂದ ಮೇಲೇರಬಹುದು.

ಜೂನಿಯರ್ ಹಂತದಲ್ಲಿ ಶೋಲ್ಡರ್ ಇನ್ ಬರುತ್ತದೆ. ಕುದುರೆಯ ಭುಜ ಒಳಗೆ ಬಂದು, ಮುಂದಿನಿಂದ ನೋಡಿದರೆ ಕಾಲುಗಳ ಮೂರು ಜಾಡು ಕಾಣಬೇಕು. ಕತ್ತು ಮಾತ್ರ ಒಳಗೆ ತಿರುಗಿ ಭುಜ ಗೋಡೆಯ ಬಳಿಯೇ ಇದ್ದರೆ ಒಳಗಿನ ಲಗಾಮು ಎಳೆಯಲಾಗಿದೆ. ಹೊರಗಿನ ಲಗಾಮಿನಿಂದಲೇ ಭುಜ ತರಬೇಕು.

ಪ್ರಿ ಸೇಂಟ್ ಜಾರ್ಜ್‌ನಲ್ಲಿ ಕ್ಯಾಂಟರ್‌ನ ಕಾಲು ಬದಲಿಕೆ (ಮುಂದಾಗಿ ಬೀಳುವ ಕಾಲನ್ನು ಓಟದಲ್ಲೇ ಎಡದಿಂದ ಬಲಕ್ಕೆ ಅಥವಾ ಬಲದಿಂದ ಎಡಕ್ಕೆ ಬದಲಿಸುವುದು) ನಾಲ್ಕು ಹೆಜ್ಜೆಗೊಂದರಂತೆ ಐದು, ಮೂರು ಹೆಜ್ಜೆಗೊಂದರಂತೆ ಐದು. ಗ್ರ್ಯಾನ್ ಪ್ರಿಗೆ ಬರುವಾಗ ಎರಡು ಹೆಜ್ಜೆಗೊಂದರಂತೆ ಒಂಬತ್ತು, ಪ್ರತಿ ಹೆಜ್ಜೆಗೂ ಒಂದರಂತೆ ಹದಿನೈದು. ಇಲ್ಲಿ ಸಾಮಾನ್ಯ ತಪ್ಪು, ಮುಂಗಾಲು ಬದಲಾಗಿ ಹಿಂಗಾಲು ಒಂದು ಹೆಜ್ಜೆ ತಡವಾಗುವುದು. ಸವಾರ ಬದಲಿಕೆಗೆ ಸಹಾಯ ಮಾಡುತ್ತೇನೆಂದು ಮೈ ಪಕ್ಕಕ್ಕೆ ಎಸೆದರೆ ಕುದುರೆ ಮುಂದಕ್ಕೆ ವಾಲಿ ಹಿಂಗಾಲಿಗೆ ಸಮಯ ಸಿಗುವುದಿಲ್ಲ. ಒಂದೇ ಒಂದು ಬದಲಿಕೆ ನೇರ ಗೆರೆಯಲ್ಲಿ, ಎರಡೂ ಕಡೆಗೆ, ಪ್ರತಿಸಲ ಶುದ್ಧವಾಗಿ ಬರುವ ತನಕ ಸಾಲು ಬದಲಿಕೆಗೆ ಕೈ ಹಾಕಬೇಡಿ.

ಸ್ಪರ್ಧೆಯ ದಿನ ಗಂಟೆ ಬಾರಿಸಿದ 45 ಸೆಕೆಂಡಿನೊಳಗೆ ಒಳಹೊಗಬೇಕು. ಹಿರಿಯರ ಎಫ್‌ಇಐ ಪರೀಕ್ಷೆಗಳಲ್ಲಿ ದಾರಿ ಒಮ್ಮೆ ತಪ್ಪಿದರೆ ಎರಡು ಶೇಕಡಾ ಅಂಕ ಹೋಗುತ್ತದೆ, ಎರಡನೇ ಸಲಕ್ಕೆ ಹೊರಗೆ. ಕುದುರೆಯ ಇನ್‌ಫ್ಲುಯೆಂಜಾ ಲಸಿಕೆ 6 ತಿಂಗಳು 21 ದಿನದೊಳಗಿನದಾಗಿರಬೇಕು, ಸ್ಪರ್ಧೆಯ ಲಾಯಕ್ಕೆ ಬರುವ ಹಿಂದಿನ 7 ದಿನದೊಳಗೆ ಹಾಕಿಸಿರಬಾರದು. ಎಷ್ಟೋ ಜೋಡಿಗಳು ಗೇಟಿನಿಂದಲೇ ಹಿಂದಿರುಗುವುದು ಈ ದಿನಾಂಕದ ತಪ್ಪಿಗೆ.

ಯುರೋಪಿಗೆ ಹೋಗುವುದು

ಗ್ರ್ಯಾನ್ ಪ್ರಿ ಗುರಿಯಿದ್ದರೆ ಸದ್ಯಕ್ಕೆ ಯುರೋಪ್ ತಪ್ಪದು. ಆ ಮಟ್ಟದ ಕುದುರೆ, ತರಬೇತುದಾರ, ಸ್ಪರ್ಧೆ ಮೂರೂ ಅಲ್ಲಿವೆ, ಭಾರತದಿಂದ ಕುದುರೆ ಒಯ್ಯಲು ದಶಕಗಳ ಕಾಲ ರೋಗನಿಯಂತ್ರಣದ ನಿಯಮಗಳು ಅಡ್ಡಿಯಾಗಿದ್ದವು. ಕೋಲ್ಕತ್ತಾದ ಅನುಷ್ ಅಗರ್ವಾಲಾ 17ನೇ ವಯಸ್ಸಿಗೆ ಜರ್ಮನಿಗೆ ಹೋಗಿ ತರಬೇತುದಾರ ಹುಬರ್ಟಸ್ ಶ್ಮಿಟ್ ಬಳಿ ಕಲಿತರು. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರೊಂದಿಗೆ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ ಇದ್ದ ತಂಡ ಡ್ರೆಸಾಜ್ ಚಿನ್ನ ಗೆದ್ದಿತು, ಕುದುರೆ ಸವಾರಿಯಲ್ಲಿ ಭಾರತಕ್ಕೆ 41 ವರ್ಷಗಳ ಬಳಿಕ ಬಂದ ಚಿನ್ನ ಅದು. ಅನುಷ್ ವೈಯಕ್ತಿಕ ಕಂಚನ್ನೂ ಗೆದ್ದರು, ಶೇಕಡಾ 73.030 ಅಂಕದೊಂದಿಗೆ. ಮುಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ಅಂಕ ಶೇಕಡಾ 66.444. ಈ ಎರಡನ್ನು ಹೋಲಿಸಿ ಸವಾರ ಕುಸಿದ ಎನ್ನುವುದು ಅನ್ಯಾಯ. ಹಾಂಗ್‌ಝೌನಲ್ಲಿ ಅದು ಇಂಟರ್‌ಮೀಡಿಯೇಟ್ ಹಂತದ ಸಂಗೀತದ ಪರೀಕ್ಷೆ, ಪ್ಯಾರಿಸ್‌ನದು ಗ್ರ್ಯಾನ್ ಪ್ರಿ. ಕುದುರೆಯೂ ಬೇರೆ: ಅಲ್ಲಿ ಎಟ್ರೋ, ಇಲ್ಲಿ ಸರ್ ಕ್ಯಾರಮೆಲ್ಲೊ ಓಲ್ಡ್.

ಹೋಗುವವರು ಮೊದಲು ಲಾಯದ ಸಹಾಯಕರಾಗಿ ಕೆಲವು ತಿಂಗಳು ದುಡಿದು ನೋಡುವುದು ಒಳಿತು. ಬೆಳಗಿನ ಲದ್ದಿ ಬಾಚುವುದರಿಂದ ಸಂಜೆಯ ಮೇವಿನ ತನಕ ಕೆಲಸ ಇರುತ್ತದೆ, ಸೂಚನೆಗಳೆಲ್ಲ ಜರ್ಮನ್‌ನಲ್ಲಿ. ಮೊದಲೇ ಭಾಷೆ ಕಲಿತು ಹೋದವರಿಗೆ ಕುದುರೆಗಳು ಬೇಗ ಸಿಗುತ್ತವೆ. ಅಲ್ಲಿ ವೃತ್ತಿಪರ ಸವಾರನಾಗಲು ಮೂರು ವರ್ಷದ ಅಧಿಕೃತ ಕೋರ್ಸೂ ಇದೆ.

ಬಹುಮಾನದ ಹಣದಲ್ಲಿ ಬದುಕುವವರು ಬೆರಳೆಣಿಕೆ. ವೃತ್ತಿಪರರ ವರಮಾನ ಬರುವುದು ಬೇರೆಯವರ ಕುದುರೆ ಪಳಗಿಸುವುದರಿಂದ, ಪಾಠ ಹೇಳುವುದರಿಂದ, ಕುದುರೆ ಮಾರಾಟದಿಂದ. ಬೇರೆಯವರ ಕುದುರೆ ಹತ್ತುವ ಮುನ್ನ ಬರಹದಲ್ಲಿ ಮಾಡಿಕೊಳ್ಳಿ: ಎಷ್ಟು ವರ್ಷದ ಸವಾರಿ ಹಕ್ಕು, ವೈದ್ಯರ ಖರ್ಚು ಯಾರದು, ಕುದುರೆ ಮಾರಿದರೆ ಮುನ್ಸೂಚನೆ ಎಷ್ಟು ದಿನದ್ದು. ಅರ್ಹತಾ ಅಂಕ ಸವಾರ ಮತ್ತು ಕುದುರೆಯ ಜೋಡಿಗೆ ಸೇರಿದ್ದು. ಋತುವಿನ ನಡುವೆ ಕುದುರೆ ಮಾರಾಟವಾದರೆ ಹೊಸ ಕುದುರೆಯೊಂದಿಗೆ ಆ ಅಂಕವನ್ನು ಮತ್ತೆ ಮೊದಲಿನಿಂದ ಗಳಿಸಬೇಕಾಗುತ್ತದೆ.