ಸೋತವರೇ ಮತ್ತೆ ಮತ್ತೆ ಕೇಸ್ ಹಾಕಿದರೆ ಏನು ಮಾಡಬೇಕು?

ಜಾಗದ ಕೇಸಿನಲ್ಲಿ ಗೆದ್ದಿರಿ, ಅಪೀಲಿನಲ್ಲೂ ಗೆದ್ದಿರಿ. ಕೆಲವು ತಿಂಗಳಲ್ಲಿ ಇನ್ನೊಂದು ಸಮನ್ಸ್ ಬಂತು. ಜಾಗ ಅದೇ, ತಕರಾರೂ ಅದೇ. ಈ ಸಲ ಕೇಸ್ ಹಾಕಿದ್ದು ಮಾತ್ರ ಸೋತವರ ಮಗ.

ಇದು ಹಳೇ ಆಟ. ಬೆಂಗಳೂರಿನ ಒಂದು ಬಾಡಿಗೆ ಕಟ್ಟಡದ ಜಗಳ ಹೀಗೆಯೇ 1977ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಖಾಲಿ ಮಾಡಬೇಕೆಂಬ ಆದೇಶ ತಂದೆಯ ಮೇಲಾಗಿತ್ತು, ಮಗ ಮುನ್ಸಿಫ್ ಕೋರ್ಟಿನಲ್ಲಿ ಹೊಸ ದಾವೆ ಹೂಡಿದ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಿಟ್ಟಾದರು. ಇಂಥ ದಾವೆಯನ್ನು ಮೊದಲ ವಿಚಾರಣೆಯಲ್ಲೇ ಚಿವುಟಿ ಹಾಕಿ ಎಂದು ಕೆಳ ಕೋರ್ಟುಗಳಿಗೆ ಹೇಳಿದರು. ಆ ಮಾತನ್ನು ವಕೀಲರು ಇವತ್ತಿಗೂ ಉದ್ಧರಿಸುತ್ತಾರೆ.

ಮೊದಲ ಕೆಲಸ ಕಾಗದದ್ದು. ಹಳೇ ಕೇಸಿನ ದಾವೆಪತ್ರ, ತೀರ್ಪು, ಡಿಕ್ರಿ, ಅಪೀಲಿನ ಆದೇಶ ಎಲ್ಲದರ ಸರ್ಟಿಫೈಡ್ ಕಾಪಿ ತೆಗೆಸಿಡಿ. ಸುಮ್ನೆ ಝೆರಾಕ್ಸ್ ಇಟ್ಟುಕೊಂಡರೆ ಸಾಲದು. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಆಗಾಗ ನಿಮ್ಮ ಹೆಸರು ಹಾಕಿ ಹುಡುಕಿ. ಸಮನ್ಸ್ ತಲುಪುವ ಮೊದಲೇ ಕೇಸಿನ ಸುಳಿವು ಸಿಗಬಹುದು.

ಎದುರಿನವರು ಮತ್ತೆ ಕೋರ್ಟಿಗೆ ಹೋಗುತ್ತಾರೆ ಅನ್ನಿಸಿದರೆ ಕೇವಿಯಟ್ ಹಾಕಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 148ಎ ಇದಕ್ಕೆ ಅವಕಾಶ ಕೊಡುತ್ತದೆ. ಹಾಕಿದರೆ ನಿಮಗೆ ನೋಟಿಸ್ ಕೊಡದೆ ಮಧ್ಯಂತರ ಆದೇಶ ಮಾಡುವಂತಿಲ್ಲ. 90 ದಿನಕ್ಕೆ ಅವಧಿ ಮುಗಿಯುತ್ತದೆ, ಮತ್ತೆ ಹಾಕಬೇಕು.

ಸಮನ್ಸ್ ಬಂದ ಮೇಲೆ ಮುಖ್ಯ ಅಸ್ತ್ರ ಅದೇ ಸಂಹಿತೆಯ ಆದೇಶ 7, ನಿಯಮ 11. ವಕೀಲರ ಬಾಯಲ್ಲಿ 'ಸೆವೆನ್ ಇಲೆವೆನ್'. ದಾವೆ ಹೂಡಲು ಕಾರಣವೇ ಕಾಣದಿದ್ದರೆ, ಇಲ್ಲವೇ ಕಾನೂನೇ ದಾವೆಗೆ ಅಡ್ಡ ಬರುವುದಾದರೆ, ಸಾಕ್ಷಿ ವಿಚಾರಣೆಗೆ ಮೊದಲೇ ದಾವೆಪತ್ರ ತಿರಸ್ಕರಿಸಿ ಎಂದು ಕೇಳುವ ಅರ್ಜಿ ಇದು. ಆದರೆ ಇಲ್ಲೊಂದು ಗಂಟಿದೆ. ಈ ಅರ್ಜಿಯ ಮೇಲೆ ಕೋರ್ಟ್ ನೋಡುವುದು ವಾದಿಯ ದಾವೆಪತ್ರವನ್ನು ಮತ್ತು ಅದರ ಜೊತೆಗಿನ ದಾಖಲೆಗಳನ್ನು ಮಾತ್ರ. ನಿಮ್ಮ ಜವಾಬು, ಅಂದರೆ ದಾವೆಗೆ ನೀವು ಕೊಡುವ ಲಿಖಿತ ಉತ್ತರ, ಎಷ್ಟೇ ಗಟ್ಟಿಯಾಗಿದ್ದರೂ ಆಗ ಲೆಕ್ಕಕ್ಕಿಲ್ಲ. ಒಮ್ಮೆ ತೀರ್ಮಾನವಾದ ವಿಷಯವನ್ನು ಮತ್ತೆ ವಿಚಾರಿಸುವಂತಿಲ್ಲ ಎನ್ನುತ್ತದೆ ಕಲಂ 11. ಅದನ್ನು ತೋರಿಸಲು ಹಳೇ ಕೇಸಿನ ಕಡತ ಬಿಚ್ಚಲೇಬೇಕು. ಹಾಗಾಗಿ ಆ ವಾದ ಸಾಮಾನ್ಯವಾಗಿ ಸೆವೆನ್ ಇಲೆವೆನ್‌ನಲ್ಲಿ ನಿಲ್ಲದು ಎಂದು ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅಂಥ ಕಡೆ ಆದೇಶ 14ರ ಕೆಳಗೆ ಪ್ರಾಥಮಿಕ ವಿವಾದಾಂಶ (ಉಳಿದದ್ದಕ್ಕಿಂತ ಮೊದಲು ತೀರ್ಮಾನಿಸುವ ಪ್ರಶ್ನೆ) ರಚಿಸಿ ಎಂದು ಕೇಳಿಕೊಳ್ಳಬಹುದು. ಯಾವ ದಾರಿ ಹಿಡಿಯಬೇಕೆಂದು ವಕೀಲರ ಜೊತೆ ಕೂತು ದಾವೆಪತ್ರವನ್ನು ಸಾಲು ಸಾಲಾಗಿ ಓದಿಯೇ ತೀರ್ಮಾನಿಸಿ. ಜಾಣತನ ಇರುವುದು ಅಲ್ಲೇ.

ಈ ಅರ್ಜಿ ಹಾಕಿದ್ದೇವೆ ಅಂತ ಜವಾಬು ಸಲ್ಲಿಸುವುದನ್ನು ಮುಂದೂಡಬೇಡಿ. 30 ದಿನದ ಗಡುವು ತಾನಾಗಿ ನಿಲ್ಲುವುದಿಲ್ಲ.

ಖರ್ಚು ಕೇಳಬಹುದಾ? ಕೇಳಿ, ಆದರೆ ಜಾಸ್ತಿ ನಿರೀಕ್ಷೆ ಬೇಡ. ಸುಳ್ಳು ಅಥವಾ ಕಿರುಕುಳದ ದಾವೆಗೆ ಕಲಂ 35ಎ ಕೊಡಿಸುವ ಪರಿಹಾರದ ಮಿತಿ ಬರೀ 3,000 ರೂಪಾಯಿ! ಈ ಕಾಲಕ್ಕೆ ಅದು ನಗೆಪಾಟಲು. ವಾಣಿಜ್ಯ ವ್ಯಾಜ್ಯಗಳಿಗೆ 2015ರ ಕಾನೂನು ಈ ಮಿತಿ ತೆಗೆದಿದೆ. ನಮ್ಮ ನಿಮ್ಮ ಸೈಟಿನ ಜಗಳಕ್ಕೆ ಆ ಭಾಗ್ಯವಿಲ್ಲ.

ಚಾಳಿಗೆ ಬಿದ್ದು ಕೇಸ್ ಹಾಕುವವರು ಅನುಮತಿಯಿಲ್ಲದೆ ಹೊಸ ಕೇಸ್ ಹೂಡದಂತೆ ತಡೆಯುವ ಕಾಯ್ದೆ ಮದ್ರಾಸಿನಲ್ಲಿ 1949ರಲ್ಲಿ, ಮಹಾರಾಷ್ಟ್ರದಲ್ಲಿ 1971ರಲ್ಲಿ ಬಂತು. ದೇಶಕ್ಕೆಲ್ಲ ಒಂದು ಕಾನೂನು ಬೇಕೆಂದು ಕಾನೂನು ಆಯೋಗ 2005ರಲ್ಲೇ ಶಿಫಾರಸು ಮಾಡಿದೆ.

ದಾವೆಪತ್ರ ತಿರಸ್ಕಾರವಾದರೂ ಕಡತ ಅಟ್ಟಕ್ಕೆ ಹಾಕಬೇಡಿ. ಆ ಆದೇಶದ ಮೇಲೆ ಅವರು ಅಪೀಲು ಹೋಗಬಹುದು. ಲೋಪ ಸರಿಪಡಿಸಿ ಹೊಸ ದಾವೆಯನ್ನೂ ತರಬಹುದು, ಆದೇಶ 7ರ ನಿಯಮ 13 ಅದಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ. ಹಾಗಾಗಿ ಆದೇಶ ಬಂದ ವಾರದಲ್ಲೇ ಅದರ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡಿ, ಅಪೀಲು ಕೋರ್ಟಿನಲ್ಲೂ ಒಂದು ಕೇವಿಯಟ್ ಹಾಕಿಡಿ.